ಕೂಗು ತಲುಪದ ಕೈ

ನಮ್ಮೂರಿನಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಕೈ ಸೋತು ಬಿತ್ತು ಎಂದರೆ ಜನ ಮೊದಲು ಹುಡುಕುವುದು ಎಣ್ಣೆ ಬಟ್ಟಲನ್ನು. ಹರಳೆಣ್ಣೆ ಬಿಸಿ ಮಾಡಿಕೊಂಡು ಇಬ್ಬರು ಕೂತು ಆ ಕೈಯನ್ನು ತಿಕ್ಕೇ ತಿಕ್ಕುತ್ತಾರೆ. ತಿಕ್ಕಿದ್ದು ಸಾಲದಾದಾಗ ಪಾರಿವಾಳ ಹುಡುಕುತ್ತಾರೆ. ಪಾರಿವಾಳದ ಬಿಸಿರಕ್ತ ಸವರಿದರೆ ಸತ್ತ ಕೈ ಎದ್ದು ಬರುತ್ತದಂತೆ. ಹಾಗೆ ಎದ್ದು ಬಂದ ಕೈಯನ್ನು ನಾನಂತೂ ಇಲ್ಲಿಯವರೆಗೆ ನೋಡಿಲ್ಲ. ಸತ್ತ ಪಾರಿವಾಳಗಳನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ.

ನನ್ನ ಹೆಸರು ಪವಿತ್ರ. ಪಾಂಡವಪುರದ ಹತ್ತಿರ, ವೀಸಿ ನಾಲೆಯ ದಡದ ಮೇಲೆ ನಮ್ಮೂರು. ಅಲ್ಲಿನ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಹಾಲಿಗೆ ನೀರು ಬೆರೆಸಿದವರಿಗೆ ಮುಖದ ಮೇಲೆಯೇ ಹೇಳುವುದರಿಂದ ಊರಲ್ಲಿ ನನಗೆ ಬಾಯಿಬಡುಕಿ ಎಂಬ ಹೆಸರಿದೆ. ಇರಲಿ, ಈಗ ಹೇಳುವುದನ್ನೂ ಹಾಗೇ ಹೇಳಿಬಿಡುತ್ತೇನೆ. ಇದು ನಮ್ಮ ಜವರಯ್ಯ ದೊಡ್ಡಪ್ಪನ ಕೈಯ ಕಥೆ. ಅವನು ನನ್ನ ಸ್ವಂತ ದೊಡ್ಡಪ್ಪನಲ್ಲ, ಪಕ್ಕದ ಮನೆಯವನು. ಆದರೆ ಅವನ ಕೈಯ ಕಥೆ ಹೇಳುವ ಮೊದಲು ಒಂದು ಕೂಗಿನ ಕಥೆ ಹೇಳಬೇಕು.

ನಾನು ಲಂಗ ತೊಡುತ್ತಿದ್ದ ಕಾಲ ಅದು. ನಮ್ಮಪ್ಪ ತಿಮ್ಮರಾಜು ಮತ್ತು ಜವರಯ್ಯ ದೊಡ್ಡಪ್ಪ ಇಬ್ಬರೂ ಆಗ ನೀರುಗಂಟಿಗಳು. ಅಂದರೆ ನಾಲೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವವರು. ಅಪ್ಪನದು ಮೇಲಿನ ತೂಬು, ನಾಲೆಯ ಎಡದಂಡೆಯಲ್ಲಿ. ದೊಡ್ಡಪ್ಪನದು ತೀರ ಕೆಳಗಿನ ಕೊನೆಯ ತೂಬು, ಬಲದಂಡೆಯಲ್ಲಿ. ಮಧ್ಯದಲ್ಲಿ ಒಂದು ಹಳೆಯ ಕಲ್ಲು ಸೇತುವೆ. ಫೋನು ಯಾರ ಹತ್ತಿರವೂ ಇರಲಿಲ್ಲ. ನೀರು ಬಿಟ್ಟ ಕೂಡಲೇ ಅಪ್ಪ ಬಾಯಿಗೆ ಅಂಗೈ ಅಡ್ಡ ಹಿಡಿದು 'ಕೂ...' ಎಂದು ಉದ್ದಕ್ಕೆ ಕೂಗುತ್ತಿದ್ದ. ಸೇತುವೆಯ ಹತ್ತಿರ ಇದ್ದವನು ಅದನ್ನು ಕೇಳಿಸಿಕೊಂಡು, ಈ ದಡದಿಂದ ಆ ದಡಕ್ಕೆ ದಾಟಿ, ಮುಂದಿನವನಿಗೆ ಕೂಗುತ್ತಿದ್ದ. ಹೀಗೆ ಒಬ್ಬರಿಂದ ಒಬ್ಬರಿಗೆ ಹೋಗಿ ಕೂಗು ದೊಡ್ಡಪ್ಪನನ್ನು ಮುಟ್ಟುತ್ತಿತ್ತು. ಅವನು ತೂಬು ಎತ್ತಿ 'ಎತ್ದೇ...' ಎಂದು ತಿರುಗಿ ಕೂಗುತ್ತಿದ್ದ. ಆ ಕೂಗು ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಅಪ್ಪನನ್ನು ಸೇರುತ್ತಿತ್ತು.

ಸಂಜೆ ಅಪ್ಪನಿಗೆ ಮುದ್ದೆ, ಉಪ್ಸಾರು ಕಟ್ಟಿಕೊಂಡು ಹೋಗುತ್ತಿದ್ದವಳು ನಾನೇ. ಹೊಂಗೆ ಮರದ ಕೆಳಗೆ ಕೂತು ಅವನು ಉಣ್ಣುತ್ತಿದ್ದರೆ, ಕೆಸರುಗದ್ದೆಯ ವಾಸನೆ ತುಂಬಿದ ಗಾಳಿಯಲ್ಲಿ ಆ ಕಡೆಯ ಕೂಗು ತೇಲಿಬರುತ್ತಿತ್ತು. ಅದು ಕಿವಿಗೆ ಬಿದ್ದರೆ ಊರಿನ ಹೆಂಗಸರೆಲ್ಲ ನೀರು ಬಂತು ಎಂದು ಸಮಾಧಾನದಿಂದ ಒಲೆ ಹಚ್ಚುತ್ತಿದ್ದರು. ಈಗ ನೀರು ಬಿಡುವ ಸುದ್ದಿ ವಾಟ್ಸಾಪಿನಲ್ಲಿ ಬರುತ್ತದೆ. ಅದು ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. ಆದರೂ ನನಗೆ ಆ ಕೂಗು ಕೇಳಬೇಕು ಅನಿಸುತ್ತದೆ, ಎಷ್ಟೋ ಸಂಜೆ ಅನಿಸುತ್ತದೆ.

ಒಂದು ದಿನ, ನಾನು ಸ್ಕೂಲಿನಲ್ಲಿದ್ದ ಹೊತ್ತಿನಲ್ಲಿ, ಕೂಗು ಬರಲೇ ಇಲ್ಲ. ಬಲದಂಡೆಯ ಗದ್ದೆಗಳಿಗೆ ನೀರಿಲ್ಲ. ರೈತರೆಲ್ಲ ದೊಡ್ಡಪ್ಪನ ತೂಬಿನ ಮುಂದೆ ಸೇರಿ ಅವನಿಗೆ ಬಾಯಿಗೆ ಬಂದಂತೆ ಬೈದರು. ಕಾಲುವೆಯ ಹೂಳು ಎತ್ತಿದರು, ಕಳೆ ಕಿತ್ತರು, ತೂಬಿನ ಹಲಗೆಯನ್ನೇ ಬಿಚ್ಚಿ ನೋಡಿದರು. ದೊಡ್ಡಪ್ಪ ಒಬ್ಬನೇ ಟವಲು ಹೆಗಲಿಗೆ ಹಾಕಿಕೊಂಡು ದಂಡೆ ಹಿಡಿದು ಮೇಲಕ್ಕೆ ಹೊರಟ. ಹೋಗಿ ನೋಡಿದರೆ ಮೇಲಿನ ತೂಬಿನ ಪಕ್ಕದಲ್ಲಿ ನಮ್ಮಪ್ಪ ಜ್ವರ ನೆತ್ತಿಗೇರಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ದೊಡ್ಡಪ್ಪ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಪಾಂಡವಪುರದ ಆಸ್ಪತ್ರೆಗೆ ತಂದ. ಅಪ್ಪ ಬದುಕಿದ. ಆಮೇಲೆ ನನ್ನ ಮದುವೆ ಮಾಡಿದ, ನನ್ನ ಮಗಳನ್ನು ಎತ್ತಿ ಆಡಿಸಿದ, ವಯಸ್ಸಾಗಿ ನೆಮ್ಮದಿಯಿಂದ ಹೋದ. ಅಷ್ಟು ವರ್ಷ ನನಗೆ ಅಪ್ಪನನ್ನು ಉಳಿಸಿಕೊಟ್ಟವನು ಜವರಯ್ಯ ದೊಡ್ಡಪ್ಪ.

ಈ ಕಥೆಯನ್ನು ದೊಡ್ಡಪ್ಪ ಹೇಳದ ಜಗಲಿ ನಮ್ಮೂರಲ್ಲಿಲ್ಲ. ಕೊನೆಯ ಮಾತು ಯಾವಾಗಲೂ ಒಂದೇ. "ಕೊನೆ ತೂಬಲ್ಲಿ ಏನೂ ಇರ್ನಿಲ್ಲ ಕಣವ್ವ. ಕೂಗೋನೇ ಬಿದ್ದೋಗಿದ್ದ. ಮ್ಯಾಲಕ್ಕೋಗಿ ನೋಡ್ಬೇಕು." ಅವನ ಹೆಂಡತಿ ಚಿಕ್ಕಬೋರಮ್ಮ ದೊಡ್ಡವ್ವನಿಗೆ ಇದನ್ನು ಕೇಳಿ ಕೇಳಿ ಸಾಕಾಗಿತ್ತು. ಅವನು ಕಥೆ ಶುರು ಮಾಡಿದ ಎಂದರೆ ಅವಳು ಪೊರಕೆ ತೆಗೆದುಕೊಂಡು ಕೊಟ್ಟಿಗೆಯ ಕಡೆ ಹೊರಟುಬಿಡುತ್ತಿದ್ದಳು.

ಹೋದ ಮಳೆಗಾಲದಲ್ಲಿ, ನಾಟಿ ಶುರುವಾಗಿದ್ದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ದೊಡ್ಡಪ್ಪ ಡೈರಿಗೆ ಹಾಲು ತಂದ. ಮೇಜಿನ ಮೇಲೆ ಇಡಲು ಹೋದ ಕ್ಯಾನು ಬಲಗೈಯಿಂದ ಜಾರಿ ಬಿದ್ದು ಹಾಲೆಲ್ಲ ನೆಲದ ಪಾಲಾಯಿತು. ಬೈಯಲು ಬಾಯಿ ತೆಗೆದವಳು ಅವನ ಮುಖ ನೋಡಿದೆ. ತುಟಿಯ ಬಲಗೊನೆ ಕೆಳಕ್ಕೆ ಜೋತಿತ್ತು. ಏನೋ ಹೇಳಲು ಹೋದ, ಬಾಯಿ ತುಂಬ ಮುದ್ದೆ ಇಟ್ಟುಕೊಂಡವನ ಹಾಗೆ ಮಾತು ತೊದಲಿತು. ಬೆಂಚಿನ ಮೇಲೆ ಕೂರಿಸಿದೆ. ಸಾಲಿನಲ್ಲಿ ನಿಂತವರೆಲ್ಲ ಆಗ ಡಾಕ್ಟರಾದರು. ಗಾಳಿ ಸೋಕಿದೆ ಎಂದರು ಒಬ್ಬರು, ಪಿತ್ತ ಏರಿದೆ ಎಂದರು ಇನ್ನೊಬ್ಬರು. ನಾನು ದೊಡ್ಡವ್ವನಿಗೆ ಹೇಳಿ ಕಳಿಸುವಷ್ಟರಲ್ಲಿ ಬಾಯಿ ನೆಟ್ಟಗಾಯಿತು, ಕೈ ಸರಿಹೋಯಿತು, ಮಾತೂ ಬಂತು. ಚೆಲ್ಲಿದ ಹಾಲನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ನನಗೇ ತಮಾಷೆ ಮಾಡಿ, ಖಾಲಿ ಕ್ಯಾನು ಹಿಡಿದು ದೊಡ್ಡಪ್ಪ ಹೊರಟೇಹೋದ.

ಅವತ್ತು ಮಧ್ಯಾಹ್ನ ನಮ್ಮ ಸ್ತ್ರೀಶಕ್ತಿ ಸಂಘದ ಸಭೆ ಇತ್ತು. ಶ್ರೀರಂಗಪಟ್ಟಣದಿಂದ ಶಾರದ ಮೇಡಂ ಬಂದಿದ್ದರು. ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ನನಗೆ ಪಾಠ ಹೇಳಿದವರು, ಪಾಠ ಒಪ್ಪಿಸದಾಗ ಕಿವಿ ಹಿಂಡಿದವರು. ಈಗಲೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಸಂಘದ ಹೆಂಗಸರಿಗೆ ಆರೋಗ್ಯದ ವಿಷಯ ಹೇಳಿ ಹೋಗುತ್ತಾರೆ. ಬೆಳಗಿನ ಸಂಗತಿಯನ್ನು ನಾನು ಹೇಳಿದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಎದ್ದರು. ಸಭೆಯನ್ನು ಜವರಯ್ಯನವರ ಜಗಲಿಯ ಮೇಲೇ ಮಾಡೋಣ ಎಂದರು.

ನಾವು ಹೋದಾಗ ದೊಡ್ಡಪ್ಪ ಗುದ್ದಲಿಗೆ ಹೊಸ ಮರದ ಕಾವು ಹಾಕುತ್ತ ಕೂತಿದ್ದ. ದೊಡ್ಡವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಮೇಡಂ ಕೇಳಿದರು. ಯುಗಾದಿಯಿಂದ ಬಿಟ್ಟಿದ್ದೇನೆ, ಗುಂಡುಕಲ್ಲಿನ ಹಾಗಿರುವವನಿಗೆ ಮಾತ್ರೆ ಯಾಕೆ ಎಂದ ದೊಡ್ಡಪ್ಪ. ಮೇಡಂ ಜಗಲಿಯ ಮೇಲೆ ಕೂತರು.

"ಜವರಯ್ಯನವರೇ, ಬೆಳಿಗ್ಗೆ ಕೆಟ್ಟಿದ್ದು ನಿಮ್ಮ ಕೈಯಲ್ಲ. ತಲೆಯೊಳಗಿರೋ ಮೆದುಳಲ್ಲಿ ಏನೋ ಆಗಿದೆ."

ದೊಡ್ಡವ್ವ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ. "ಕ್ಯಾನ್ ಬಿದ್ದದ್ದು ಕೈಯಿಂದ ಮೇಡಮ್ಮೋರೆ. ತಲೇಲಿ ಯಾರಾರ ಕ್ಯಾನ್ ಹಿಡ್ಕತಾರಾ?"

ಹೆಂಗಸರೆಲ್ಲ ನಕ್ಕರು. ಮೇಡಮ್ಮೂ ನಕ್ಕರು. ಹಿಡಿಯುವುದು ಕೈಯೇ, ಆದರೆ ಹಿಡಿ ಎಂದು ಹೇಳುವುದು ಮೆದುಳು ಎಂದರು. ತಮ್ಮ ಎರಡೂ ಮುಷ್ಟಿ ಬಿಗಿದು ಒಂದಕ್ಕೊಂದು ತಾಗಿಸಿ ಹಿಡಿದು ತೋರಿಸಿದರು. ನಮ್ಮ ಮೆದುಳು ಹೆಚ್ಚು ಕಡಿಮೆ ಇಷ್ಟೇ ಇದೆಯಂತೆ, ಹೀಗೇ ಎಡ ಬಲ ಎರಡು ಹೋಳು. ಮೇಲೆಲ್ಲ ಸುಕ್ಕು ಸುಕ್ಕು, ಮುಟ್ಟಿದರೆ ಬೆಣ್ಣೆಯಷ್ಟು ಮೆತ್ತಗೆ. ಅದಕ್ಕೇ ದೇವರು ಅದನ್ನು ತೆಂಗಿನ ಚಿಪ್ಪಿನ ಹಾಗಿರುವ ಗಟ್ಟಿ ಬುರುಡೆಯೊಳಗೆ ಇಟ್ಟಿದ್ದಾನೆ ಎಂದರು. ಈ ದೊಡ್ಡ ಮೆದುಳಿನಿಂದಲೇ ನಾವು ಯೋಚನೆ ಮಾಡುವುದು, ಮಾತಾಡುವುದು, ನೆನಪಿಟ್ಟುಕೊಳ್ಳುವುದು, ಕೈಕಾಲು ಆಡಿಸುವುದು. ಅದರ ಹಿಂದೆ, ಕೆಳಗೆ, ಕಿರುಮೆದುಳು ಎಂದು ಇನ್ನೊಂದಿದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಕಿರಿದಾದ ಬದುವಿನ ಮೇಲೆ ನಡೆದರೂ ಬೀಳದ ಹಾಗೆ ನೋಡಿಕೊಳ್ಳುವುದು ಅದು. ಬುಡದಲ್ಲಿ ಮೆದುಳಿನ ಕಾಂಡ. ನಾವು ನಿದ್ದೆ ಹೋದರೂ ಉಸಿರು ನಿಲ್ಲದಂತೆ, ಎದೆಬಡಿತ ತಪ್ಪದಂತೆ ಕಾಯುವುದು ಅದರ ಕೆಲಸ. ಆ ಕಾಂಡದಿಂದಲೇ ಬೆನ್ನುಹುರಿ ಇಳಿಯುತ್ತದೆ, ಬೆನ್ನಿನ ಮೂಳೆಗಳ ಒಳಗೆ, ಹೂವಿನ ಹಾರದೊಳಗಿನ ದಾರದ ಹಾಗೆ. ಅಲ್ಲಿಂದ ಕವಲು ಕವಲಾಗಿ ನರಗಳು ಹೊರಟು ಬೆರಳ ತುದಿಯವರೆಗೂ ಹೋಗುತ್ತವೆ.

ದೊಡ್ಡಪ್ಪ ಗುದ್ದಲಿ ಪಕ್ಕಕ್ಕಿಟ್ಟಿದ್ದ. ಆ ನರದೊಳಗೆ ಹರಿಯುವುದೇನು, ನೀರೋ ರಕ್ತವೋ ಎಂದು ಕೇಳಿದ. ಎರಡೂ ಅಲ್ಲ, ಸುದ್ದಿ ಎಂದರು ಮೇಡಂ. ಹಿಡಿ, ಬಿಡು, ಏಳು ಎಂಬ ಸುದ್ದಿ ಮೆದುಳಿನಿಂದ ಕೈಗೆ ಬರುತ್ತದೆ. ಬಿಸಿಯಾಗಿದೆ, ತಣ್ಣಗಿದೆ, ಮುಳ್ಳು ಚುಚ್ಚಿತು ಎಂಬ ಸುದ್ದಿ ಕೈಯಿಂದ ಮೆದುಳಿಗೆ ಹೋಗುತ್ತದೆ. ಅದನ್ನು ಹೇಗೆ ಬಿಡಿಸಿ ಹೇಳಲಿ ಎಂದು ಅವರು ಯೋಚಿಸುತ್ತಿದ್ದಾಗ ದೊಡ್ಡಪ್ಪನೇ ಹೇಳಿದ.

"ಅಂದ್ರೆ ಕೂಗು."

ಮೇಡಮ್ಮಿಗೆ ಅರ್ಥವಾಗಲಿಲ್ಲ. ನಾನು ಅವರಿಗೆ ನಾಲೆಯ ಕೂಗಿನ ವಿಷಯವನ್ನೆಲ್ಲ ಹೇಳಿದೆ. ಮೇಲಿನ ತೂಬು, ಕೆಳಗಿನ ತೂಬು, ಹೋಗುವ ಕೂಗು, ತಿರುಗಿ ಬರುವ ಕೂಗು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು. ಮೂವತ್ತು ವರ್ಷ ಪಾಠ ಮಾಡಿದೆ, ಇಷ್ಟು ಒಳ್ಳೆಯ ಉದಾಹರಣೆ ನನಗೆ ಹೊಳೆದಿರಲಿಲ್ಲ ಎಂದರು. ಆಮೇಲೆ ಇನ್ನೊಂದು ಸೋಜಿಗ ಹೇಳಿದರು. ಬಲಗೈಯನ್ನು ಆಡಿಸುವುದು ಮೆದುಳಿನ ಎಡಹೋಳು, ಎಡಗೈಯನ್ನು ಆಡಿಸುವುದು ಬಲಹೋಳು. ತಲೆ ಮುಗಿದು ಕತ್ತು ಶುರುವಾಗುವ ಜಾಗದಲ್ಲಿ ನರಗಳು ಈ ಕಡೆಯಿಂದ ಆ ಕಡೆಗೆ ದಾಟುತ್ತವೆ.

"ಸೇತುವೆ ತಾವು ದಾಟ್ದಂಗೆ," ಎಂದ ದೊಡ್ಡಪ್ಪ. "ತಿಮ್ಮರಾಜ ಎಡದಂಡೆ. ನಾನು ಬಲದಂಡೆ."

ಅವನು ನಮ್ಮಪ್ಪನ ಹೆಸರು ಹಿಡಿದದ್ದಕ್ಕೆ ನನ್ನ ಕಣ್ಣು ತುಂಬಿತು. ಮೇಡಂ ಅದನ್ನು ನೋಡಿದರು. ನಾನು ಅಪ್ಪನಿಗೆ ಊಟ ಹೊತ್ತು ಹೋಗುತ್ತಿದ್ದದ್ದು ಅವರಿಗೆ ಗೊತ್ತಿತ್ತು, ಎಷ್ಟೋ ಸಲ ಸ್ಪೆಷಲ್ ಕ್ಲಾಸಿನಿಂದ ಅದಕ್ಕೇ ನನ್ನನ್ನು ಬೇಗ ಬಿಟ್ಟಿದ್ದರು.

"ಪವಿತ್ರ ಮುದ್ದೆ ತರದೇ ಇದ್ದಿದ್ರೆ ತಿಮ್ಮರಾಜು ಎಷ್ಟು ಹೊತ್ತು ಕೂಗ್ತಿದ್ರು ಜವರಯ್ಯನವರೇ? ಮೆದುಳಿಗೂ ಹಾಗೇ ಊಟ ಬೇಕು. ರಕ್ತವೇ ಅದರ ಊಟ. ರಕ್ತ ತರೋ ನಾಳ ಕಟ್ಟಿಕೊಂಡ್ರೆ ಕೂಗೋನು ಬಿದ್ದುಹೋಗ್ತಾನೆ. ನಿಮ್ಮ ಕೈ ಚೆನ್ನಾಗೇ ಇದೆ. ಬೆಳಿಗ್ಗೆ ಅದಕ್ಕೆ ಕೂಗು ಬರ್ಲಿಲ್ಲ, ಅಷ್ಟೇ."

ಲಕ್ವ, ಪಾರ್ಶ್ವವಾಯು, ಸ್ಟ್ರೋಕು ಎಂದು ಜನ ಕರೆಯುವುದು ಇದನ್ನೇ ಎಂದರು. ಕೆಲವರಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ, ಕೆಲವರಲ್ಲಿ ಒಡೆಯುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ, ಹೆಂಡ ಇವೆಲ್ಲ ಅದಕ್ಕೆ ದಾರಿ ಮಾಡಿಕೊಡುತ್ತವೆ. ಬೆಳಿಗ್ಗೆ ದೊಡ್ಡಪ್ಪನಿಗೆ ಕಟ್ಟಿದ್ದ ನಾಳ ಪುಣ್ಯಕ್ಕೆ ತಾನಾಗಿ ಬಿಟ್ಟುಕೊಂಡಿದೆ. ಸರಿಹೋಯಿತು ಎಂದು ಸುಮ್ಮನಿರಬಾರದು, ಅದು ಮುಂದೆ ಬರುವುದಕ್ಕೆ ಎಚ್ಚರಿಕೆ, ಇವತ್ತೇ ಆಸ್ಪತ್ರೆಗೆ ಹೋಗಬೇಕು ಎಂದರು.

ದೊಡ್ಡವ್ವ ಆಗ ಬೆಳ್ಳುಳ್ಳಿ ಮೊರ ಪಕ್ಕಕ್ಕೆ ತಳ್ಳಿದಳು. ಲಕ್ವಕ್ಕೆ ಸೂಜಿ ಚುಚ್ಚಿಸಬಾರದು, ಚುಚ್ಚಿಸಿದರೆ ಅದು ಮೈಯಲ್ಲೇ ನಿಂತುಬಿಡುತ್ತದೆ ಎಂದು ಅವಳ ತಾಯಿಯ ಕಾಲದಿಂದಲೂ ಹೇಳುತ್ತಾರಂತೆ. ಕೆ.ಆರ್. ಪೇಟೆ ಕಡೆ ಅವಳ ತವರಿನ ಹತ್ತಿರ ಪಾರಿವಾಳದ ರಕ್ತ ಸವರಿ ಸೊಪ್ಪು ಕಟ್ಟುವವರೊಬ್ಬರು ಇದ್ದಾರಂತೆ. ಅವಳ ಅಪ್ಪನಿಗೆ ಹೀಗಾದಾಗ ಅಲ್ಲಿಗೇ ಕರೆದುಕೊಂಡು ಹೋಗಿದ್ದರಂತೆ.

"ನಿಮ್ಮ ತಂದೆಯೋರು ಆಮೇಲೆ ಎದ್ದು ಓಡಾಡಿದ್ರಾ ಚಿಕ್ಕಬೋರಮ್ಮ?" ಎಂದು ಮೇಡಂ ಮೆಲ್ಲಗೆ ಕೇಳಿದರು.

ಅವಳ ಅಪ್ಪ ಸಾಯುವವರೆಗೂ ಮಂಚದ ಮೇಲೇ ಇದ್ದದ್ದು ನಮಗೆಲ್ಲ ಗೊತ್ತಿತ್ತು. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ದೊಡ್ಡಪ್ಪ ಮಾತ್ರ ಒಪ್ಪಿದ. ಒಪ್ಪಿದನಲ್ಲ ಎಂದು ಖುಷಿಪಡುವಷ್ಟರಲ್ಲಿ, ಇವತ್ತು ನಮ್ಮ ಗದ್ದೆಗೆ ನೀರಿನ ಸರದಿ, ನಾಳೆ ಬೆಳಿಗ್ಗೆ ಹಾಲು ಹಾಕಿ ಹೋಗುತ್ತೇನೆ ಎಂದ. ಮೇಡಂ ಸಿಟ್ಟಾದರು, ನಾನು ಕೂಗಾಡಿದೆ. ಹುಟ್ಟಿದಾಗಿನಿಂದ ನೀರನ್ನೇ ನಂಬಿದ ಮುದುಕ, ಸರದಿ ಬಿಡುತ್ತಾನೆಯೇ? ಆ ನಾಳೆ ಎಂಬ ಮಾತನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹೊರಡುವ ಮೊದಲು ಮೇಡಂ ನಮಗೆಲ್ಲ ಒಂದು ಪರೀಕ್ಷೆ ಕಲಿಸಿದರು. ಅನುಮಾನ ಬಂದರೆ ಮೊದಲು ನಗಲು ಹೇಳಿ, ಬಾಯಿ ಒಂದು ಕಡೆ ಜೋತಿದೆಯಾ ನೋಡಿ. ಎರಡೂ ಕೈ ಮುಂದಕ್ಕೆ ಎತ್ತಲು ಹೇಳಿ, ಒಂದು ಕೈ ಕೆಳಗೆ ಇಳಿಯುತ್ತದಾ ನೋಡಿ. ಊರ ದೇವರ ಹೆಸರು ಹೇಳಿಸಿ, ಮಾತು ತೊದಲುತ್ತದಾ ಕೇಳಿ. ಇದರಲ್ಲಿ ಒಂದು ತಪ್ಪಿದರೂ ತಡಮಾಡದೆ 108ಕ್ಕೆ ಫೋನು ಮಾಡಿ, ತಲೆ ಸ್ಕ್ಯಾನು ಮಾಡುವ ಆಸ್ಪತ್ರೆಗೆ ಹೋಗಿ. ನಾಳ ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನು ಇದೆ, ಆದರೆ ಅದು ತೊಂದರೆ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಬೀಳಬೇಕು. ನಾವೆಲ್ಲ ಒಬ್ಬರನ್ನೊಬ್ಬರು ನೋಡಿ ನಕ್ಕು, ಕೈ ಎತ್ತಿ, ದೇವರ ಹೆಸರು ಹೇಳಿ ಆಟದ ಹಾಗೆ ಕಲಿತೆವು. ದೊಡ್ಡಪ್ಪನೂ ಕೈ ಎತ್ತಿದ. ಎರಡೂ ಕೈ ಸಮವಾಗಿಯೇ ಇದ್ದವು.

ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಡೈರಿಗೆ ಬರಲಿಲ್ಲ.

ನಾನು ಅಳತೆಯ ಕೆಲಸ ಇನ್ನೊಬ್ಬಳಿಗೆ ಒಪ್ಪಿಸಿ ಓಡಿದೆ. ಕೊಟ್ಟಿಗೆಯಲ್ಲಿ ಹಸುವಿನ ಪಕ್ಕದಲ್ಲೇ ಅವನು ಕುಸಿದು ಕೂತಿದ್ದ. ಬಲಗೈ, ಬಲಗಾಲು ಎರಡೂ ಸತ್ತಂತೆ ಬಿದ್ದಿದ್ದವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಕಣ್ಣಿನಲ್ಲಿ ಎಲ್ಲ ಗೊತ್ತಾಗುತ್ತಿತ್ತು, ಬಾಯಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ದೊಡ್ಡವ್ವ ಆಗಲೇ ಎಣ್ಣೆ ಬಟ್ಟಲು ಹಿಡಿದುಕೊಂಡಿದ್ದಳು. ನಾಟಿಗೆಂದು ಬಂದಿದ್ದ ಅವಳ ತಮ್ಮ ದೇವರಾಜು ಕಾರು ಬಾಗಿಲಿಗೆ ತಂದಿದ್ದ. ಭಾವನನ್ನು ಪಾರಿವಾಳದವರ ಹತ್ತಿರ ಒಯ್ಯುವುದೆಂದು ಅಕ್ಕ ತಮ್ಮ ತೀರ್ಮಾನ ಮಾಡಿಯಾಗಿತ್ತು.

ಬೇಡ, 108ಕ್ಕೆ ಫೋನು ಮಾಡೋಣ ಎಂದೆ. ಕೈ ಮುಗಿದೆ. ದೇವರಾಜು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಾಲು ಅಳೆಯುವವಳಿಗೆ ಲಕ್ವದ ಉಸಾಬರಿ ಯಾಕೆ ಎಂದ. ಯಾರೂ ಕರೆಯದಿದ್ದರೂ ನಾನು ಕಾರಿನ ಮುಂದಿನ ಸೀಟಿಗೆ ಹತ್ತಿ ಕೂತೆ. ಅಲ್ಲಿಂದಲೇ ಶಾರದ ಮೇಡಮ್ಮಿಗೆ ಫೋನು ಮಾಡಿದೆ. ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ, ಉಸಿರುಗಟ್ಟುತ್ತದೆ ಎಂದರು. ಒಂದು ಮಗ್ಗುಲಿಗೆ ಮಲಗಿಸಿ ಎಂದರು. ಕೊನೆಯ ಸಲ ಯಾವಾಗ ಚೆನ್ನಾಗಿದ್ದರು ಎಂಬುದನ್ನು ಮರೆಯದೆ ಡಾಕ್ಟರಿಗೆ ಹೇಳಬೇಕು ಎಂದರು. ದೊಡ್ಡವ್ವನನ್ನು ಕೇಳಿದೆ. ಬೆಳಿಗ್ಗೆ ಆರು ಗಂಟೆಯ ಕಾಫಿ ಕುಡಿದಾಗ ಚೆನ್ನಾಗಿದ್ದನಂತೆ. ಇನ್ನೂ ಏಳು ದಾಟಿರಲಿಲ್ಲ.

ಹಿಂದಿನ ಸೀಟಿನಲ್ಲಿ ದೊಡ್ಡಪ್ಪನ ತಲೆ ದೊಡ್ಡವ್ವನ ತೊಡೆಯ ಮೇಲಿತ್ತು. ಅವಳು ಆ ಬಲಗೈಗೆ ಎಣ್ಣೆ ಸುರಿದು ತಿಕ್ಕುತ್ತಲೇ ಇದ್ದಳು, ಅಳುತ್ತಲೇ ಇದ್ದಳು. ನಾನು ಮುಂದೆ ಕೂತು ನಮ್ಮಪ್ಪನನ್ನು ನೆನೆಯುತ್ತಿದ್ದೆ. ನನ್ನಪ್ಪನನ್ನು ಈ ಮನುಷ್ಯ ಹೊತ್ತು ತಂದದ್ದು ಇದೇ ರಸ್ತೆಯಲ್ಲಿ. ಈಗ ಇವನನ್ನು ಉಳಿಸಲು ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲವಲ್ಲ.

ಪಾಂಡವಪುರ ಬಂತು. ಅಲ್ಲಿ ರಸ್ತೆ ಕವಲಾಗುತ್ತದೆ. ಒಂದು ಕೆ.ಆರ್. ಪೇಟೆಯ ಕಡೆಗೆ, ಇನ್ನೊಂದು ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ. ಮುಂದೆ ಕಬ್ಬಿನ ಟ್ರಾಕ್ಟರು ಅಡ್ಡ ಬಂದು ಕಾರು ನಿಂತಿತು. ಆಗ ಹಿಂದಿನಿಂದ ಒಂದು ಸದ್ದು ಕೇಳಿಸಿತು. ತಿರುಗಿ ನೋಡಿದೆ. ದೊಡ್ಡಪ್ಪ ಎಡಗೈಯಿಂದ ದೊಡ್ಡವ್ವನ ಎಣ್ಣೆ ಕೈಯನ್ನು ದೂಡುತ್ತಿದ್ದ. ದೂಡಿ, ಅದೇ ಎಡಗೈಯಿಂದ ತನ್ನ ತಲೆಯ ಎಡಭಾಗವನ್ನು ತಟ್ಟಿಕೊಂಡ. ಮತ್ತೆ ತಟ್ಟಿಕೊಂಡ. ಸೊಟ್ಟಗಾದ ಬಾಯಿಯಿಂದ ಗಾಳಿಯಂಥ ಒಂದು ಸ್ವರ ಹೊರಟಿತು. ಮಾತಲ್ಲ ಅದು. ಕೂ ಎಂಬ ಸದ್ದು, ಅಷ್ಟೇ.

ದೊಡ್ಡವ್ವನ ಕೈ ನಿಂತಿತು. ಅವಳು ಗಂಡನ ಮುಖವನ್ನೇ ನೋಡಿದಳು. ಅಷ್ಟು ವರ್ಷದಿಂದ ಕೇಳಿ ಕೇಳಿ ಸಾಕಾದ ಕಥೆ, ಪೊರಕೆ ಹಿಡಿದು ಎದ್ದು ಹೋಗುತ್ತಿದ್ದ ಕಥೆ. ಅದರ ಕೊನೆಯ ಮಾತನ್ನು ಅವತ್ತು ಅವನಿಗೆ ಹೇಳಲು ಆಗಲಿಲ್ಲ. ಅವಳು ಹೇಳಿದಳು.

"ಗಾಡಿ ಮೈಸೂರ್‌ಗೆ ತಿರುಗ್ಸು ದೇವರಾಜು."

ದೇವರಾಜು ಏನೋ ಹೇಳಲು ಹೋದ.

"ಕೈಯಲ್ಲಿ ಏನೂ ಇಲ್ಲ ಕಣ್ಲಾ. ಕೂಗೋನೇ ಬಿದ್ದೋಗವ್ನೆ. ಮ್ಯಾಲಕ್ಕೋಗಿ ನೋಡ್ಬೇಕು. ಅಪ್ಪನ್ನ ಮಂಚದ ಮ್ಯಾಲೆ ನೋಡಿದ್ದು ಸಾಕು, ತಿರುಗ್ಸು."

ಬಟ್ಟಲಿನ ಎಣ್ಣೆಯನ್ನು ಅವಳು ಕಿಟಕಿಯಿಂದ ಆಚೆಗೆ ಸುರಿದಳು. ದೇವರಾಜು ಗಾಡಿ ತಿರುಗಿಸಿದ. ಹಾಗೆ ನೋಡಿದರೆ ಅವನು ಕೆಟ್ಟವನಲ್ಲ. ಶ್ರೀರಂಗಪಟ್ಟಣದ ಸೇತುವೆಯನ್ನು ಅವನು ದಾಟಿಸಿದ ವೇಗಕ್ಕೆ ನಾನು ಕಾವೇರಿಗೆ ಕೈ ಮುಗಿಯುವುದನ್ನೂ ಮರೆತೆ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಕೊನೆಯ ಸಲ ಯಾವಾಗ ಚೆನ್ನಾಗಿದ್ದರು ಎಂದು. ಆರು ಗಂಟೆಯ ಕಾಫಿ ಎಂದೆ. ತಲೆ ಸ್ಕ್ಯಾನು ಮಾಡಿದರು. ಮೆದುಳಿನ ಎಡಭಾಗಕ್ಕೆ ಹೋಗುವ ರಕ್ತನಾಳ ಕಟ್ಟಿಕೊಂಡಿತ್ತು, ಒಡೆದಿರಲಿಲ್ಲ. ಒಡೆದಿದ್ದರೆ ಈ ಇಂಜೆಕ್ಷನ್ನು ಕೊಡುವ ಹಾಗಿರಲಿಲ್ಲ, ಚಿಕಿತ್ಸೆಯೇ ಬೇರೆ, ಅದಕ್ಕೇ ಸ್ಕ್ಯಾನು ಮೊದಲು ಎಂದು ಬಿಡಿಸಿ ಹೇಳಿದರು. ನರ್ಸು ಸೂಜಿ ಹಿಡಿದು ಬಂದಾಗ ನಾನು ದೊಡ್ಡವ್ವನ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು, ಚುಚ್ಚು ತಾಯಿ ಎಂದಳು.

ಸಂಜೆಯ ಹೊತ್ತಿಗೆ ದೊಡ್ಡಪ್ಪನ ಬಲಗೈಯ ಹೆಬ್ಬೆರಳು ಅಲ್ಲಾಡಿತು. ನಾವು ಮೂವರೂ ಅದನ್ನೇ ನೋಡುತ್ತ ಅತ್ತೆವು, ದೇವರಾಜು ಎಲ್ಲರಿಗಿಂತ ಜೋರಾಗಿ ಅತ್ತ.

ಎಲ್ಲ ಮೊದಲಿನಂತೆ ಆಯಿತು ಎಂದು ಸುಳ್ಳು ಹೇಳುವುದಿಲ್ಲ. ಈಗಲೂ ದೊಡ್ಡಪ್ಪನ ಬಲಗಾಲು ಸ್ವಲ್ಪ ಎಳೆಯುತ್ತದೆ. ಶರ್ಟಿನ ಗುಂಡಿ ಹಾಕಲು ಒಂದು ಹೊತ್ತು ಬೇಕು. ಮಾತು ತೂಗಿ ತೂಗಿ ಬರುತ್ತದೆ. ಆದರೆ ಬಿ.ಪಿ. ಮಾತ್ರೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ, ದೊಡ್ಡವ್ವ ತಪ್ಪಿಸಲು ಬಿಡುವುದಿಲ್ಲ. ಕೈಗೆ, ನಾಲಿಗೆಗೆ ದಿನವೂ ವ್ಯಾಯಾಮ ಇದೆ. ಸತ್ತುಹೋದ ಮೆದುಳಿನ ತುಣುಕು ತಿರುಗಿ ಹುಟ್ಟುವುದಿಲ್ಲ, ಆದರೆ ಮಾಡುತ್ತ ಮಾಡುತ್ತ ಪಕ್ಕದ ಭಾಗ ಆ ಕೆಲಸ ಕಲಿಯುತ್ತದೆ ಎಂದು ವ್ಯಾಯಾಮ ಮಾಡಿಸುವವರು ಹೇಳಿದರು. ದೊಡ್ಡಪ್ಪ ಅದನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡ. ಹೊಸಬ ಬಂದವ್ನೆ, ಅವನಿಗೆ ಕೂಗೋದು ಕಲಿಸ್ತಾವ್ನಿ ಎನ್ನುತ್ತಾನೆ.

ನಾಲಿಗೆ ಹದಕ್ಕೆ ಬರಲೆಂದು ಉದ್ದುದ್ದ ಸ್ವರ ಎಳೆಯಬೇಕಂತೆ. ಮನೆಯಲ್ಲಿ ನಾಚಿಕೆ ಎಂದು ಒಂದು ಸಂಜೆ ಅವನು ಕೋಲು ಊರಿಕೊಂಡು ಸೇತುವೆಯವರೆಗೆ ಹೋದ. ನಾನು ಜೊತೆಯಲ್ಲಿದ್ದೆ. ಎರಡೂ ದಂಡೆಯಲ್ಲಿ ಭತ್ತ ಹಾಲುಗಟ್ಟಿತ್ತು. ಅಪ್ಪ ಕೂತು ಉಣ್ಣುತ್ತಿದ್ದ ಹೊಂಗೆ ಮರ ಈಗಿಲ್ಲ, ಅಲ್ಲೊಂದು ಕರೆಂಟು ಕಂಬ ಇದೆ. ದೊಡ್ಡಪ್ಪ ಬಲಗೈಯನ್ನು ಮೆಲ್ಲ ಮೆಲ್ಲನೆ ಎತ್ತಿ ಬಾಯಿಗೆ ಅಡ್ಡ ಹಿಡಿದ. ಕೈ ನಡುಗಿತು, ಆದರೂ ಅಲ್ಲೇ ನಿಂತಿತು. 'ಕೂ...' ಎಂದ. ಎಷ್ಟು ವರ್ಷದ ಮೇಲೆ ಆ ಕೂಗು ನಮ್ಮ ನಾಲೆಯ ಮೇಲೆ ಹೋಯಿತೋ.

ಯಾರೂ ತಿರುಗಿ ಕೂಗುವುದಿಲ್ಲವಲ್ಲ ಎನಿಸಿತು. ನಾನೇ ಕೂಗಲೇ ಎಂದುಕೊಳ್ಳುವಷ್ಟರಲ್ಲಿ ಊರ ಕಡೆಯಿಂದ, ದೊಡ್ಡಪ್ಪನ ಕೊಟ್ಟಿಗೆಯ ಕಡೆಯಿಂದ, ಹೆಂಗಸೊಬ್ಬಳ ದನಿ ಬಂತು. ಅವಳು ಜೀವಮಾನದಲ್ಲಿ ಒಮ್ಮೆಯೂ ಹಾಗೆ ಕೂಗಿದವಳಲ್ಲ.

"ಎತ್ದೇ..."

ದೊಡ್ಡಪ್ಪ ಸೇತುವೆಯ ಕಲ್ಲಿನ ಮೇಲೆ ಕೂತು ಮಗುವಿನ ಹಾಗೆ ನಕ್ಕ. ಬಾಯಿಯ ಎರಡು ಕೊನೆಯೂ ಒಂದೇ ಸಮ ಇದ್ದವು. ನಾನು ನೋಡಿದೆ, ಮೇಡಂ ಕಲಿಸಿದ ಅಭ್ಯಾಸ.

ಇದನ್ನು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾಲೆ ನೀರಿನ ನಮ್ಮ ಸೀಮೆಯವರೇ ಆಗಿ, ಮಳೆಯನ್ನೇ ನಂಬಿದ ನಾಗಮಂಗಲ, ದೇವಲಾಪುರದ ಕಡೆಯವರೇ ಆಗಿ, ನಿಮ್ಮ ಮನೆಯಲ್ಲೂ ಒಬ್ಬ ಜವರಯ್ಯ ಇದ್ದಾನೆ. ಬಿ.ಪಿ., ಸಕ್ಕರೆ ಇದೆಯಾ ಎಂದು ಅವನಿಗೆ ಪರೀಕ್ಷೆ ಮಾಡಿಸಿ. ಇದ್ದರೆ, ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಲು ಬಿಡಬೇಡಿ. ನಿಮ್ಮೂರಿಗೆ ಹತ್ತಿರದಲ್ಲಿ ತಲೆ ಸ್ಕ್ಯಾನು ಮಾಡುವ ಆಸ್ಪತ್ರೆ ಯಾವುದು ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ, ಆ ಹೊತ್ತು ಬಂದಾಗ ಹುಡುಕಲು ಸಮಯ ಇರುವುದಿಲ್ಲ. ಬಾಯಿ ಜೋತರೆ, ಕೈ ಸೋತರೆ, ಮಾತು ತೊದಲಿದರೆ, ಅದು ತಾನಾಗಿ ಸರಿಹೋದರೂ ಸರಿಯೇ, ಗಂಟೆ ನೋಡಿಕೊಂಡು ಹೊರಟುಬಿಡಿ. ಎಣ್ಣೆ ಒಗ್ಗರಣೆಗೆ ಇರಲಿ, ಪಾರಿವಾಳ ಗೂಡಿನಲ್ಲಿರಲಿ. ಕೈ ತಿಕ್ಕುತ್ತ ಕೂರಬೇಡಿ. ಅಲ್ಲಿ ಮೇಲೆ ಒಬ್ಬನು ಬಿದ್ದಿದ್ದಾನೆ, ಅವನಿಗೆ ಇನ್ನೂ ಜೀವ ಇದೆ. ಬೇಗ ಹೋಗಿ.